ಬಿಳಿ ಗೆರೆ, ನೀಲಿ ಗೆರೆ

ಟಕ್ — ಮತ್ತೆ ಬಿತ್ತು, ದೊಡ್ಡ ಹಲ್ಲುಚಕ್ರದಿಂದ ಚಿಕ್ಕದಕ್ಕೆ ಇಳಿಯಬೇಕಾದ ಚೈನು ಚಿಕ್ಕದನ್ನೂ ದಾಟಿ ಒಳಗೆ ಜಾರಿ ಜೋತುಬಿದ್ದಿದೆ, ಬೀಳಲಿ, ಇನ್ನೂ ನೂರು ಸಲ ಬೀಳಲಿ, ಆ ಕೋಚೇ ಬಂದು ನೋಡಿಕೊಳ್ಳಲಿ, ಎಂದುಕೊಂಡ ದರ್ಜಿ, ಎಂದುಕೊಂಡವನೇ ನಾಲಿಗೆ ಕಚ್ಚಿಕೊಂಡ, ಬೆಳಗಾದರೆ ಮಗಳ ರೇಸು, ಎಂಥ ಮಾತು ಬಂತು ಬಾಯಿಗೆ. ಸೈಕಲ್ಲು ಅಂಗಡಿಯ ತೊಲೆಯಿಂದ ಎರಡು ಹಗ್ಗದಲ್ಲಿ ತೂಗುತ್ತಿದೆ, ಹೊಲಿದಿಟ್ಟ ಕೋಟುಗಳ ಪಕ್ಕದಲ್ಲೇ, ಸಂಜೆ ಬಿಸಿಲು ಹಿಂದಿನ ಚಕ್ರದ ಕಡ್ಡಿಗಳ ಮೇಲೆ ತಿರುಗುತ್ತಿದೆ, ಎಡಗೈಯಲ್ಲಿ ಪೆಡಲು, ಬಲಗೈಯಲ್ಲಿ ಹೊಲಿಗೆ ಮಷೀನಿನ ಸ್ಕ್ರೂಡ್ರೈವರು — ಆರು ವರ್ಷದಿಂದ ಈ ಸೈಕಲ್ಲಿಗೆ ಇದೊಂದೇ ಸ್ಕ್ರೂಡ್ರೈವರು, ಇವನದೊಂದೇ ಕೈ, ಚೈನು ಎಷ್ಟು ಒಳಸರಿಯಬಹುದೆಂದು ಅಂಕೆಯಲ್ಲಿಡುವ ಈ ಸಣ್ಣ ಸ್ಕ್ರೂ ಹದಕ್ಕೆ ಬಂದ ದಿನವೇ ಅದರ ತಲೆಯಿಂದ ಪಕ್ಕದ ಪಟ್ಟಿಯವರೆಗೆ ಬಿಳಿ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದಿದ್ದ, ಬಟ್ಟೆಗೆ ಎಳೆಯುವ ಹಾಗೇ, ಗೆರೆ ಕೂಡಿದ್ದರೆ ಸರಿ, ಕದಲಿದ್ದರೆ ಯಾರೋ ಮುಟ್ಟಿದ್ದಾರೆ. ಮುಟ್ಟಿದ್ದಾನೆ, ಆ ಕೋಚು. ದಿನಾ ಕಾಲು ಸುತ್ತು, ಸಾಲದ್ದಕ್ಕೆ ಬುಧವಾರದಿಂದ ತನ್ನದೂ ಒಂದು ಗೆರೆ, ನೀಲಿಯದು, ನಡುವೆ ಸೀಳಿ ಎರಡು ಎಳೆಯಾದದ್ದು, ಒಂದು ಗೆರೆ ನೆಟ್ಟಗೆ ಎಳೆಯಲು ಬಾರದವನು ದರ್ಜಿಯ ಮಗಳಿಗೆ ಪಾಠ ಹೇಳುತ್ತಾನಂತೆ — ಇವನೂ ಬಿಟ್ಟಿಲ್ಲ, ಅವಳು ಸ್ನಾನಕ್ಕೆ ಹೋದಾಗಲೆಲ್ಲ ಸ್ಕ್ರೂವನ್ನು ಬಿಳಿ ಗೆರೆಗೇ ತಂದು ನಿಲ್ಲಿಸಿದ್ದಾನೆ, ಈಗಲೂ ಮೊದಲು ಮಾಡಿದ್ದು ಅದನ್ನೇ.

ಹೊಟ್ಟೆಕಿಚ್ಚಾ, ಹೌದು, ಹೊಟ್ಟೆಕಿಚ್ಚೇ, ಯಾಕಿರಬಾರದು, ಸರ್ ಹೇಳಿದ್ರು ಬೆನ್ನು ಬಗ್ಗಿಸ್ಬೇಕಂತೆ, ಸರ್ ಹೇಳಿದ್ರು ಸೀಟು ಎರಡು ಬೆರಳು ಮೇಲಿರ್ಬೇಕಂತೆ, ಊಟಕ್ಕೆ ಕೂತರೆ ಸರ್, ಕೈ ತೊಳೆದರೆ ಸರ್, ಮೊದಲು ನಮ್ಮಪ್ಪ ಹೇಳಿದ್ರು ನಮ್ಮಪ್ಪ ಹೇಳಿದ್ರು ಎಂದು ಶಾಲೆಯೆಲ್ಲ ಸಾರಿಕೊಂಡು ಬರುತ್ತಿದ್ದವಳು, ಆ ಸೀಟಿನ ಎತ್ತರವನ್ನು ಟೇಪು ಹಿಡಿದು ಅಳೆದವನು ಯಾರು, ಅವಳು ಬೀಳದಿರಲೆಂದು ಹಿಂದೆ ಓಡಿ ಓಡಿ ಮಂಡಿ ಸವೆಸಿಕೊಂಡವನು ಯಾರು — ಮಂಗಳವಾರ ಏರಿನಲ್ಲಿ ಚೈನು ಬಿದ್ದು ಅವಳೂ ಬಿದ್ದಳು, ಮೊಣಕೈ ಚರ್ಮ ಕಿತ್ತುಬಂದಿತ್ತು, ಹತ್ತಿ ಒತ್ತುತ್ತ ಇವನಿಗೆ ಒಳಗೊಳಗೇ ಸಣ್ಣ ಸಂತೋಷ, ಥೂ, ಈಗಲಾದರೂ ಗೊತ್ತಾಯಿತಲ್ಲ ನಿಮ್ಮ ಸರ್ ಕೈಗುಣ, ಎಂದು ಒಳಗೇ ಅಂದುಕೊಂಡ, ಅವಳು ಹತ್ತಿಯನ್ನೇ ನೋಡುತ್ತ ಹೇಳಿದಳು, ಸರ್ ಕೇಳಿದ್ರಪ್ಪ, ಮನೇಲಿ ಯಾರಾದ್ರೂ ಸೈಕಲ್ ಮುಟ್ತಾರಾ ಅಂತ, ಯಾರೂ ಮುಟ್ಟಲ್ಲ ಸರ್ ಅಂದೆ. ಯಾರೂ ಮುಟ್ಟಲ್ಲ. ಆರು ವರ್ಷ ಮುಟ್ಟಿದವನು ಯಾರೂ ಅಲ್ಲ. ಆ ಮಾತು ಇನ್ನೂ ಚುಚ್ಚುತ್ತಿದೆ, ಕಾಲರಿನಲ್ಲಿ ಮರೆತ ಸೂಜಿಯ ಹಾಗೆ.

ಆದರೂ ಇವತ್ತು ಅವಳೇ ತಂದು ನಿಲ್ಲಿಸಿದಳಲ್ಲ, ಅಪ್ಪ, ನಾಳೆಗೆ ಒಂದ್ಸಲ ನೋಡ್ಬಿಡು, ಅಷ್ಟು ಸಾಕು ಇವನಿಗೆ, ನೋಡುತ್ತಿದ್ದಾನೆ, ಬಿಳಿಗೆ ಬಿಳಿ ಕೂಡಿದೆ, ಟಕ್, ತಂತಿ ಎಳೆದು ನೋಡಿದ, ಬಿಗಿಯಿದೆ, ಚೈನಿನ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ಮಡಿಸಿದ, ಯಾವುದೂ ಸೆಟೆದಿಲ್ಲ, ಹಲ್ಲು ಸವೆದಿಲ್ಲ, ಸವೆಯುವುದೆಲ್ಲಿಂದ, ಚಿಕ್ಕ ಹಲ್ಲುಚಕ್ರ ಹೊಸದು, ಹೋದ ತಿಂಗಳಷ್ಟೇ ಹಾಕಿಸಿದ್ದು, ಏರಿಗೆ ಸುಲಭ ಆಗತ್ತಪ್ಪ ಎಂದು ಅವಳು ಹೇಳಿದ್ದಕ್ಕೆ, ಹಳೆಯದಕ್ಕಿಂತ ಒಂದು ಸುತ್ತು ಕಿರಿದು — ಕಿರಿದು. ಪೆಡಲಿನ ಮೇಲೆ ಕೈ ನಿಂತಿತು. ಬಿಳಿ ಗೆರೆ ಹಳೆಯ ಚಕ್ರದ ಕಾಲದ್ದು. ಶಾಲೆ ಬಟ್ಟೆ ಹೊಲಿಸಲು ಬಂದ ತಾಯಂದಿರಿಗೆಲ್ಲ ಹೇಳುತ್ತಾನೆ, ಹೋದ್ವರ್ಷದ ಅಳತೆ ನಡೆಯಲ್ಲಮ್ಮ, ಮಗು ಬೆಳ್ದಿದೆ, ಕರ್ಕೊಂಡ್ಬನ್ನಿ — ಕೋಚ್ ಮೇಲಿನ ಹಟಕ್ಕೆ ನೀಲಿ ಗೆರೆಯಲ್ಲಿ ಒಮ್ಮೆಯೂ ಚೈನು ತಿರುಗಿಸಿ ನೋಡಿರಲಿಲ್ಲ. ಈಗ ಕಾಲು ಸುತ್ತು, ನೀಲಿಗೆ ನೀಲಿ ಕೂಡಿತು, ಗೇರು ಇಳಿಸಿದ, ಚೈನು ಮೆತ್ತಗೆ ಚಿಕ್ಕ ಚಕ್ರದ ಮೇಲೆ ಕೂತಿತು, ಮತ್ತೆ, ಮತ್ತೆ, ಹತ್ತು ಸಲ, ಬೀಳಲಿಲ್ಲ. ಹಾಗಾದರೆ ಮಂಗಳವಾರ, ಆ ಮೊಣಕೈ — ಅದು ಇವನದೇ ಕೈಗುಣ.

ಗೆದ್ದ ಕೋಚು, ಗೆಲ್ಲಲಿ, ಗೆರೆಯನ್ನಾದರೂ ನೆಟ್ಟಗೆ ಎಳೆದುಕೊಡೋಣ ಎಂದು ಮೇಜಿನ ಡಬ್ಬಿಗೆ ಕೈಹಾಕಿದ, ನೀಲಿ ಚಾಕ್‌ಪೀಸು ಸಿಕ್ಕಿತು, ಹೋದ ವಾರ ನೆಲಕ್ಕೆ ಬಿದ್ದು ಅಂಚಿನ ನಡುವೆ ಚಕ್ಕೆ ಎದ್ದದ್ದು, ಸರಿಯಾಗಿ ಎಳೆಯುತ್ತದೋ ಎಂದು ಚೂರು ಬಟ್ಟೆಯ ಮೇಲೆ ಒಮ್ಮೆ ಎಳೆದ, ಗೆರೆ ನಡುವೆ ಸೀಳಿತು, ಎರಡು ಎಳೆ. ಸ್ಕ್ರೂ ನೋಡಿದ. ಎರಡು ಎಳೆ. ಈ ಡಬ್ಬಿಗೆ ಕೈಹಾಕುವವರು ಇಬ್ಬರೇ. ಅವಳು ಎಳೆದದ್ದು, ಬಿದ್ದ ಮಾರನೆಯ ದಿನ, ಅಪ್ಪ ಎಳೆಯುವ ಹಾಗೇ, ಅಪ್ಪನ ಕಣ್ಣಿಗೆ ಬೀಳಲೆಂದು, ದಿನಾ ಅಳಿಸಿದಲ್ಲಿ ತಿದ್ದಿ ತಿದ್ದಿ ದಪ್ಪವಾಗಿದೆ, ಗೊತ್ತಿತ್ತು ಅವಳಿಗೆ, ಅಪ್ಪನೇ ತಿರುಗಿಸುವುದೆಂದು, ಮೊಣಕೈ ಉರಿಯುತ್ತಿರುವಾಗಲೇ ಗೊತ್ತಿತ್ತು, ಯಾರೂ ಮುಟ್ಟಲ್ಲ ಸರ್ — ಹೊರಗೆ ಚಪ್ಪಲಿ ಸದ್ದು, ಅಪ್ಪ, ಆಯ್ತಾ, ಚೂರು ಬಟ್ಟೆಯನ್ನು ಸ್ಕ್ರೂವಿನ ಪಕ್ಕಕ್ಕೆ ಹಿಡಿದ, ನೀಲಿ ಗೆರೆ, ನಡುವೆ ಸೀಳಿದ್ದು, ನೀಲಿ ಗೆರೆ, ಎರಡು ಎಳೆ