ಅಪ್ಪನ ನಲವತ್ತೈದು, ನನ್ನ ಒಂಬತ್ತು

ಕುದುರೆಗೆ ಲಾಳ ಕಟ್ಟುವುದು ನನ್ನ ಕಸುಬು. ಡಾಲ್‌ಹಾರ್ಟ್ ಊರಿನ ಸುತ್ತಲಿನ ನೂರು ಮೈಲಿಯಲ್ಲಿ ಯಾವ ರ‍್ಯಾಂಚಿನ ಯಾವ ಕುದುರೆ ಒದೆಯುತ್ತದೆ ಎಂದು ನನ್ನನ್ನೇ ಕೇಳಬೇಕು. ಒಬ್ಬಳೇ ಓಡಾಡಿ ಅಭ್ಯಾಸ. ಆದರೆ ಮಾರ್ಚಿನ ಒಂದು ಬೆಳಿಗ್ಗೆ, ಜಲ್ಲಿರಸ್ತೆಯಲ್ಲಿ ಹಸಿರು ಟ್ರಕ್ಕೊಂದು ಹದಿನೆಂಟು ಮೈಲಿ ನನ್ನ ಗಾಡಿಯ ಬೆನ್ನು ಬಿಡಲಿಲ್ಲ. ನಾನು ನಿಧಾನಿಸಿದರೆ ಅದೂ ನಿಧಾನ. ಗೇಟು ತೆಗೆಯಲು ನಾನು ನಿಂತೆ, ಅದೂ ನಿಂತಿತು. ಒಬ್ಬ ಇಳಿದು ನನ್ನತ್ತ ನಡೆದು ಬರತೊಡಗಿದ. ಅಷ್ಟರಲ್ಲಿ ಎದುರಿನಿಂದ ದನದ ಲಾರಿ ಬಂತು. ಅವನು ತಿರುಗಿ ಟ್ರಕ್ಕು ಹತ್ತಿ ಹೋದ.

ಮನೆಗೆ ಬಂದು ಹೇಳಿದ್ದೇ ತಡ, ಅಪ್ಪ ತಮ್ಮ ನಲವತ್ತೈದರ ದಪ್ಪ ಗುಂಡಿನ ಪಿಸ್ತೂಲನ್ನು ಬಿಸ್ಕೆಟ್ ತಟ್ಟೆಯ ಪಕ್ಕ ಇಟ್ಟರು.

"ಲೀಟಾ, ನಾಳೆಯಿಂದ ಇದು ನಿನ್ನ ಸೊಂಟದಲ್ಲಿರ್ಬೇಕು. ಹೊಡೆದ್ರೆ ಒಂದೇ ಏಟು. ಇದಕ್ಕಿಂತ ಸಣ್ಣ ಗುಂಡೆಲ್ಲ ಅಳಿಲು ಹೊಡೆಯೋಕೆ."

ನನ್ನ ಬಲಗೈ ಮಣಿಕಟ್ಟಿನೊಳಗೆ ಆರು ಸ್ಕ್ರೂ ಇವೆ, ಒಂದು ಹೇಸರಗತ್ತೆ ಒದ್ದು ಕೊಟ್ಟ ಉಡುಗೊರೆ. ಅದನ್ನು ನೆನಪಿಸಿದರೆ ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಗಾಗಿ ಶನಿವಾರ ಅವರನ್ನೂ ಕೂರಿಸಿಕೊಂಡು ನೇಡೀನ್ ಕೆಸ್ಲರ್ ಹತ್ತಿರ ಹೋದೆ. ಜೈಲಿನ ಕಾವಲು ಕೆಲಸದಿಂದ ನಿವೃತ್ತಳಾದ ನೇಡೀನ್ ಊರಾಚೆಯ ಹಳೇ ಜಲ್ಲಿಗುಂಡಿಯಲ್ಲಿ ಪಿಸ್ತೂಲು ಕಲಿಸುತ್ತಾಳೆ. ಐದಡಿ ಆಳು, ಬಾಯಿ ಮಾತ್ರ ಏಳಡಿ.

"ಗುಂಡಿನ ದಪ್ಪ ನೋಡಿ ಪಿಸ್ತೂಲು ಆರಿಸೋದು, ಟೋಪಿ ನೋಡಿ ಗಂಡನ್ನ ಆರಿಸಿದ ಹಾಗೆ, ಓರ್ವಿಲ್," ಅಂದಳು ಅಪ್ಪನಿಗೆ. "ನಾನು ಎರಡೂ ಮಾಡಿ ಕೆಟ್ಟಿದೀನಿ."

ತನ್ನ ಟ್ರಕ್ಕಿನ ಹಿಂಬಾಗಿಲ ಮೇಲೆ ಮೂರು ಪಿಸ್ತೂಲು ಸಾಲಾಗಿ ಇಟ್ಟಳು: ಅಪ್ಪನ ನಲವತ್ತೈದು, ಒಂದು ಒಂಬತ್ತು ಮಿಲಿಮೀಟರ್, ಅಂಗೈಯಗಲದ ಒಂದು ಮುನ್ನೂರ ಎಂಬತ್ತು, ದೊಡ್ಡದೇನಿದ್ದರೂ ಅದರ ಅಂಕಿ ಮಾತ್ರ. ಏಳು ಗಜ ದೂರದಲ್ಲಿ ಕಾಗದದ ಊಟದ ತಟ್ಟೆ. ನೇಡೀನ್ ಕೈಯಲ್ಲಿದ್ದ ಸೆಕೆಂಡಿನ ಗಡಿಯಾರ ಕೂಗಿದ ಮೇಲೆ ನಾಲ್ಕು ಸೆಕೆಂಡಿನಲ್ಲಿ ಐದು ಗುಂಡು.

ಮೊದಲು ನಲವತ್ತೈದು. ಒಂದನೇ ಗುಂಡು ತಟ್ಟೆಗೆ ಬಿತ್ತು. ಸಂಭ್ರಮ ಅಲ್ಲಿಗೇ ಮುಗಿಯಿತು. ಎರಡನೆಯದಕ್ಕೆ ಮಣಿಕಟ್ಟು ಚುರುಕ್ ಎಂದಿತು, ಮೂರನೆಯದಕ್ಕೆ ಮೊದಲೇ ಕಣ್ಣು ಮುಚ್ಚಿಕೊಂಡೆ. ಐದೂ ಮುಗಿಯುವಾಗ ಏಳು ಸೆಕೆಂಡಾಗಿತ್ತು, ತಟ್ಟೆಯಲ್ಲಿ ಅದೊಂದೇ ತೂತು.

ಮುಂದೆ ಪುಟಾಣಿ ಮುನ್ನೂರ ಎಂಬತ್ತು. ಗುಂಡು ಸಣ್ಣದು, ಹೂವಿನ ಹಾಗಿರುತ್ತೆ ಅಂದುಕೊಂಡೆ. ಕಣಜ ಕಡಿದ ಹಾಗೆ ಕಡಿಯಿತು! ಪಿಸ್ತೂಲಿಗೆ ತೂಕವೇ ಇಲ್ಲ, ಒದೆಯೆಲ್ಲ ನೇರ ಕೈಗೆ. ಎರಡು ತಗುಲಿದವು.

"ಇಲಿ ಕಚ್ತೇನೇ?" ಅಪ್ಪ ನಕ್ಕರು.

ಒಂಬತ್ತನ್ನು ಎತ್ತಿಕೊಂಡೆ. ಹದವಾದ ತೂಕ, ಬೆರಳೆಲ್ಲ ಹಿಡಿಸುವಷ್ಟು ಹಿಡಿಕೆ. ಗಡಿಯಾರ ಕೂಗಿತು. ಢಂ, ಢಂ, ಢಂ, ಢಂ, ಢಂ! ಪಿಸ್ತೂಲು ಹಾರುತ್ತಿತ್ತು, ಆದರೆ ತಾನೇ ಗುರಿಗೆ ವಾಪಸು ಬರುತ್ತಿತ್ತು. ಐದಕ್ಕೆ ಐದು, ಮೂರೂವರೆ ಸೆಕೆಂಡು! ನಾನು ಕೂಗಿದ ಕೂಗಿಗೆ ಗುಂಡಿಯ ಪಾರಿವಾಳಗಳೆಲ್ಲ ಎದ್ದವು. ಇನ್ನೊಮ್ಮೆ ಹೊಡೆದೆ. ಮತ್ತೆ ಐದು.

"ತಟ್ಟೆ ತಿರುಗಿ ಬೀಳಲ್ಲ ಕಣೇ," ಅಪ್ಪ ಬಿಡಲಿಲ್ಲ. "ಮನುಷ್ಯನ್ನ ನಿಲ್ಲಿಸೋಕೆ ದಪ್ಪ ಗುಂಡೇ ಬೇಕು."

"ನಿಲ್ಲಿಸೋದು ತಗುಲಿದ ಗುಂಡು. ತಪ್ಪಿದ್ದು ಕುಂಬಳಕಾಯಿಯಷ್ಟಿದ್ರೂ ಏನು ಬಂತು?" ನೇಡೀನ್ ಸೊಂಟಕ್ಕೆ ಕೈಯಿಟ್ಟಳು. "ಬಾ, ನೀನೇ ಹೊಡೆದು ತೋರ್ಸು."

ಅಪ್ಪನಿಗೆ ಎಪ್ಪತ್ತಾರು. ಗಂಭೀರವಾಗಿ ನಿಂತು ತಮ್ಮ ನಲವತ್ತೈದನ್ನು ಎತ್ತಿದರು. ಐದು ಗುಂಡು ಮುಗಿಯುವಾಗ ಆರು ಸೆಕೆಂಡು ದಾಟಿತ್ತು. ತಟ್ಟೆಯಲ್ಲಿ ಎರಡೇ ತೂತು.

ಅಪ್ಪ ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟರು. "ಎರಡು ವರ್ಷದಿಂದ ಇದನ್ನ ಹಾರಿಸಿರ್ಲಿಲ್ಲ ಕಣೇ, ಲೀಟಾ. ಕೈ ನಡುಗೋದು ಗೊತ್ತಿತ್ತು. ಎಷ್ಟು ಅಂತ ನೋಡೋಕೆ ಧೈರ್ಯ ಇರ್ಲಿಲ್ಲ."

ನಾನು ಒಂಬತ್ತನ್ನು ತುಂಬಿಸಿ ಅವರ ಮುಂದಿಟ್ಟೆ. ಮುಖ ಸಿಂಡರಿಸಿಕೊಂಡೇ ಎತ್ತಿಕೊಂಡರು. ಗಡಿಯಾರ ಕೂಗಿತು. ಐದು ಗುಂಡು, ಐದು ತೂತು, ಮೂರು ಸೆಕೆಂಡು!

"ಅಪ್ಪಾ! ನನಗಿಂತ ಬೇಗ!"

ಅವರು ಟೋಪಿ ತೆಗೆದು ಗಾಳಿಗೆ ಎಸೆದರು. "ಏನ್ ನೋಡ್ತಾ ನಿಂತಿದೀಯ? ಗುಂಡು ತುಂಬ್ಸು!"

ಮಧ್ಯಾಹ್ನದವರೆಗೂ ಅಪ್ಪ ಮಗಳ ಪೈಪೋಟಿ. ಸೋತಾಗೆಲ್ಲ ನಾನು ಮಣಿಕಟ್ಟಿನ ನೆಪ ಹೇಳಿದೆ, ಅವರು ವಯಸ್ಸಿನ ನೆಪ ಹೇಳಿದರು. ನೇಡೀನ್ ಇಬ್ಬರನ್ನೂ ಬೈದಳು. ಹೊರಡುವಾಗ ನನ್ನ ತೋಳು ಹಿಡಿದು, "ಮೊದಲು ಆಕ್ಸಿಲರೇಟರ್, ಆಮೇಲೆ ಫೋನು. ಅವೆರಡೂ ಕೈಕೊಟ್ಟಾಗ ಮಾತ್ರ ಪಿಸ್ತೂಲು," ಎಂದಳು. ಆ ಮಾತಿಗೆ ಮಾತ್ರ ಅಪ್ಪ ಒಂದೇ ಏಟಿಗೆ ತಲೆಯಾಡಿಸಿದರು.

ಅಲ್ಲಿಂದ ನೇರ ಪಿಸ್ತೂಲಿನ ಅಂಗಡಿಗೆ ಹೋದೆವು. ಅಂಗಡಿಯವನು ಯಾವುದು ಕೊಡಲಿ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಒಂಬತ್ತು ಮಿಲಿಮೀಟರ್, ಎರಡು," ಅಂದರು. "ಇವಳದ್ದನ್ನ ಇವಳು ನನಗೆ ಮುಟ್ಟೋಕೆ ಬಿಡಲ್ಲ."