ಪಾಲಿಸಿಗೆ ಬಂದವರು

ಸೀರೆ ಉಟ್ಟುಕೋ ಎಂದು ಅಮ್ಮ ಹೇಳಿದಾಗಲೇ ಧಾರಿಣಿಯ ಮೈ ಉರಿದಿತ್ತು. ಬಿ.ಕಾಂ. ಮುಗಿಸಿ ಇನ್ಶೂರೆನ್ಸ್ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿ ಇನ್ನೂ ತಿಂಗಳಷ್ಟೇ, ಆಗಲೇ ಹೆಣ್ಣು ನೋಡುವ ಶಾಸ್ತ್ರವೇ? ಮಯೂರ್ ವಿಹಾರ್‌ನ ಆ ಪುಟ್ಟ ಫ್ಲ್ಯಾಟಿನಲ್ಲಿ ಅವಳು ಅಡುಗೆಮನೆಗೂ ಬಾಲ್ಕನಿಗೂ ನಡುವೆ ಶತಪಥ ಹಾಕುತ್ತಿದ್ದಳು. ಅಪ್ಪ ಬಸವಲಿಂಗಪ್ಪನವರೋ ಒರೆಸಿದ ಕುರ್ಚಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಖಾರದ ಮಾತನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಅವಳು ಚಹಾ ತಂದರೆ, ನಡುಮನೆಯಲ್ಲಿ ವರನೂ ಇಲ್ಲ, ವರನ ತಾಯಿಯೂ ಇಲ್ಲ. ಅಪ್ಪನ ಸರ್ಕಾರಿ ಆಫೀಸಿನ ಮೂವರು ಸಹೋದ್ಯೋಗಿಗಳು ತಮ್ಮ ತಮ್ಮ ಪಾಸ್‌ಪೋರ್ಟ್ ಸೈಜಿನ ಫೋಟೊ ಹಿಡಿದು ಕೂತಿದ್ದರು.

“ಹೇಳಮ್ಮ, ಇವರಿಗೆ ಯಾವ ಪಾಲಿಸಿ ಸರಿಹೋಗುತ್ತೆ?” ಎಂದರು ಅಪ್ಪ.

“ಅಪ್ಪಾ, ನಾನು ಪಾಲಿಸಿ ಮಾರೋದಿಲ್ಲ. ಮುಂದೆ ಬರೋ ಕ್ಲೇಮುಗಳಿಗೆ ಕಂಪನಿ ಎಷ್ಟು ದುಡ್ಡು ಎತ್ತಿಡಬೇಕು ಅಂತ ಲೆಕ್ಕ ಹಾಕ್ತೀನಿ.”

ಕನ್ನಡ ಬಾರದ ಆ ಮೂವರಿಗಾಗಿ ಅದನ್ನೇ ಅವಳು ಹಿಂದಿಯಲ್ಲೂ ಹೇಳಿದಳು. “ಅಚ್ಛಾ” ಎನ್ನುತ್ತಾ ಅವರಲ್ಲೊಬ್ಬರಾದ ಶ್ರೀವಾಸ್ತವ ನಿರಾಳವಾಗಿ ಫೋಟೊ ಜೇಬಿಗಿಳಿಸಿದರು. “ಟಾರ್ಗೆಟ್ ಮುಟ್ಟದಿದ್ದರೆ ಮಗಳ ಕೆಲಸ ಹೋಗುತ್ತೆ ಅಂತ ನಿಮ್ಮಪ್ಪ ತಿಂಗಳಿಡೀ ಮೇಜಿನಿಂದ ಮೇಜಿಗೆ ಅಲೆದರು” ಎಂದು ನಕ್ಕರು.

ಚಹಾ ಕುಡಿದು ಮೂವರೂ ಹೊರಟರು. ಬಸವಲಿಂಗಪ್ಪನವರು ಮತ್ತೆ ಕುರ್ಚಿ ಒರೆಸತೊಡಗಿದರು. ಅವರ ಅಂಗಿಯ ಜೇಬಿನಿಂದ ಏನೋ ಇಣುಕುತ್ತಿತ್ತು. ಧಾರಿಣಿ ಎಳೆದು ನೋಡಿದಳು. ಯಾರ ಮದುವೆಗೂ ತೊಡದ ಕೋಟು ತೊಟ್ಟು ಅಪ್ಪ ತೆಗೆಸಿಕೊಂಡ ಹೊಸ ಫೋಟೊ.

“ಮೊದಲನೇ ಪಾಲಿಸಿ ನನ್ನದೇ ಇರಲಿ ಅಂತಿದ್ದೆ” ಎಂದರು ಅವರು, ಕುರ್ಚಿಯಿಂದ ತಲೆ ಎತ್ತದೆ.