ತೆನೆ ತಂದವಳ ಪಾಲು

ಆಗಸ್ಟ್ ತಿಂಗಳ ಕೊನೆಯ ವಾರ. ನೈರೋಬಿಯ ಮೋಡ ಮುಸುಕಿದ ಚಳಿ ಇನ್ನೇನು ಬಿಡುತ್ತದೆ ಅನ್ನುವ ಕಾಲ. ಸಂಜೆಯ ಚಹಾದ ಹೊತ್ತು. ಪಂಗಾನಿಯ ಹಳೆಯ ಮನೆಯಲ್ಲಿ ಜೋಸೆಫಿನ್ ಬಾಯಿಗೆ ಒಂದೇ ಚಿಂತೆ. ಮೊಂತಿ ಹಬ್ಬ ಹತ್ತಿರ ಬಂದಿತ್ತು. ಮಂಗಳೂರು ಕಡೆಯ ಕ್ರೈಸ್ತರಿಗೆ ಅದು ಯೇಸುವಿನ ತಾಯಿ ಮರಿಯಮ್ಮನ ಹುಟ್ಟಿದ ದಿನ, ಹೊಸ ಅಕ್ಕಿಯ ಊಟದ ದಿನ. ಆದರೆ ಈ ಸಲ ಮನೆಗೆ ತೆನೆ ಬಂದಿರಲಿಲ್ಲ.

"ಮಾರ್ಕೆಟ್ಟಲ್ಲಿ ಸಿಗಲ್ವಾ ಅಕ್ಕ?" ಎಂದು ಸಿಲ್ವಿಯಾ ಕೇಳಿದರು. ಸಿಲ್ವಿಯಾ ಮೈಸೂರಿನವರು. ನರ್ಸ್ ಕೆಲಸದಿಂದ ನಿವೃತ್ತರಾಗಿ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಇದ್ದಾರೆ. ವಾರಕ್ಕೊಮ್ಮೆ ಚಹಾಕ್ಕೆ ಬರುತ್ತಾರೆ.

"ಅಕ್ಕಿ ಬೇಕಾದಷ್ಟು ಸಿಗ್ತದೆ. ತೆನೆ ಎಲ್ಲಿ ಸಿಗ್ತದೆ ಮಾರಾಯ್ತಿ?"

"ಇಷ್ಟು ದಿನ ಯಾರು ತಂದುಕೊಡ್ತಿದ್ರು?"

ಜೋಸೆಫಿನ್ ಬಾಯಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಅದು ಕರಗಿ ತಳಕ್ಕೆ ಹೋಯಿತು.

"ಮುತೋನಿ."

ಮುತೋನಿ ಅಂದರೆ ಮಗಳು ಜೊಯ್ಲಿನ್ ಜೊತೆ ಸಂಗಾತಿಯಾಗಿ ಬಾಳುವ ಹುಡುಗಿ. ಅವಳ ತಾಯಿಗೆ ಮ್ವೇಯಾದಲ್ಲಿ ಭತ್ತದ ಗದ್ದೆ. ಅಲ್ಲಿನ ಗದ್ದೆಗೆ ಮಂಗಳೂರಿನ ಹಬ್ಬ ಯಾವಾಗ ಅಂತ ಗೊತ್ತಿಲ್ಲ. ಆದರೂ ಮುತೋನಿ ಎಲ್ಲಿಂದಲೋ ಹುಡುಕಿ ಒಂದು ಹಿಡಿ ತೆನೆ ತಂದೇ ತರುತ್ತಿದ್ದಳು. ಅದನ್ನೇ ಪುಡಿ ಮಾಡಿ ತೆಂಗಿನ ಹಾಲು, ಬೆಲ್ಲ ಬೆರೆಸಿ ಮನೆಯವರ ಕೈಗೆ ಒಂದೊಂದು ಚಮಚ ಹಾಕುವುದು ರೂಢಿ. ಮನೆಯಿಂದ ದೂರ ಇದ್ದವರಿಗೂ ಒಂದು ಪಾಲು ಎತ್ತಿಡುತ್ತಾರೆ. ಗಂಡ ಪ್ಯಾಸ್ಕಲ್ ತೀರಿಹೋದ ಮೇಲೆ ಪಾಲು ಹಾಕುವವರು ಜೋಸೆಫಿನ್ ಬಾಯಿಯೇ.

ಹೋದ ವರ್ಷ ಮುತೋನಿಯೂ ಸಾಲಿನಲ್ಲಿ ನಿಂತು ಕೈ ಚಾಚಿದ್ದಳು. ಜೋಸೆಫಿನ್ ಬಾಯಿ ಚಮಚವನ್ನು ಅವಳ ಕೈ ದಾಟಿಸಿದರು. "ಇದು ಮನೆಯವರಿಗೆ ಮಾತ್ರ ಮಗಾ, ನಿನಗೆ ಊಟ ಉಂಟು" ಅಂದರು. ಮುತೋನಿ ಕೈ ಮಡಚಿಕೊಂಡು ನಕ್ಕಳು. ಜೊಯ್ಲಿನ್ ನಗಲಿಲ್ಲ. ತನ್ನ ಅಂಗೈಯಲ್ಲಿದ್ದದ್ದನ್ನು ಬಟ್ಟಲಿಗೆ ವಾಪಸ್ ಸುರಿದು, ಮುತೋನಿಯ ಕೈ ಹಿಡಿದು ಹೊರಟುಹೋದಳು. ಆಮೇಲೆ ಆ ಮನೆಯಲ್ಲಿ ಅವಳು ಒಂದು ತುತ್ತೂ ಉಂಡಿಲ್ಲ.

"ನಾನು ಅವಳನ್ನು ಬೈದೆನಾ? ಹೊಡೆದೆನಾ?" ಎಂದರು ಜೋಸೆಫಿನ್ ಬಾಯಿ. "ಇದೆಲ್ಲ ಒಂದು ಹುಚ್ಚು, ಒಳ್ಳೆಯ ಡಾಕ್ಟರಿಗೆ ತೋರಿಸಿದರೆ ಸರಿ ಹೋಗ್ತದೆ ಅಂತ ವಿವಿಯನ್ ಹೇಳ್ತಾನೆ." ವಿವಿಯನ್ ಅವರ ಮೈದುನ.

"ಅದು ಕಾಯಿಲೆ ಅಲ್ಲ ಅಕ್ಕ. ವಿಶ್ವ ಆರೋಗ್ಯ ಸಂಸ್ಥೆಯವರು ಎಷ್ಟೋ ವರ್ಷದ ಹಿಂದೇನೇ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದ್ದಾರೆ. ನಮ್ಮಣ್ಣನ ಮಗ ಪ್ರಶಾಂತನೂ ಹಾಗೇನೇ. ಡಾಕ್ಟ್ರು, ಹರಕೆ, ಉಪವಾಸ ಪ್ರಾರ್ಥನೆ, ಹೆಣ್ಣು ನೋಡೋದು, ಎಲ್ಲಾ ಮಾಡಿದ್ವಿ. ಅವನು ಅವನಾಗೇ ಉಳಿದ. ನಮಗೆ ಫೋನ್ ಮಾಡೋದು ಮಾತ್ರ ನಿಲ್ಲಿಸಿದ."

ಜೋಸೆಫಿನ್ ಬಾಯಿ ಲೋಟ ಕೆಳಗಿಟ್ಟರು.

"ಶನಿವಾರ ನನ್ನ ಜೊತೆ ಲೊರೆಶೋಗೆ ಬನ್ನಿ" ಎಂದರು ಸಿಲ್ವಿಯಾ. "ಅಲ್ಲೊಂದು ಚಿಕ್ಕ ಹೋಟೆಲಿದೆ. ಅದರ ಹಿಂದಿನ ತೋಟದಲ್ಲಿ ಜೊಯ್ಲಿನ್, ಮುತೋನಿ ತಿಂಗಳಿಗೊಂದು ಊಟದ ಸಂಜೆ ಮಾಡ್ತಾರೆ. ಅವರಂಥವರು ಭಯ ಇಲ್ಲದೆ ಒಟ್ಟಿಗೆ ಕೂತು ಊಟ ಮಾಡ್ಲಿ ಅಂತ. ನಿಮ್ಮನ್ನ ಕರ್ಕೊಂಡು ಬರ್ಲಾ ಅಂತ ಮುತೋನಿನ ಕೇಳಿದ್ದೀನಿ, ಒಪ್ಪಿದ್ದಾಳೆ."

"ಅಲ್ಲಿ ಬೀರ್ ಕುಡಿದು ಕುಣೀತಾರಂತೆ!"

"ನಿಮ್ಮ ಮದುವೆ ಮನೆಗಳಲ್ಲಿ ತೆಂಗಿನ ಹಾಲು ಹಚ್ಚೋ ರೋಸ್ ಶಾಸ್ತ್ರದ ದಿನ ಎಲ್ಲರೂ ಬರೀ ಎಳನೀರು ಕುಡೀತಾರಾ?"

ಜೋಸೆಫಿನ್ ಬಾಯಿಗೆ ನಗು ಬಂತು. ಬೇಡ ಅನ್ನುವುದು ಅಲ್ಲಿಗೆ ಮರೆತೇ ಹೋಯಿತು.

ಶನಿವಾರ ಇನ್ನೂ ಬೆಳಕಿರುವಾಗಲೇ ಇಬ್ಬರೂ ಲೊರೆಶೋ ತಲುಪಿದರು. ಗೇಟಿನಲ್ಲಿ ಒಂದು ಬುಟ್ಟಿ, ಅದರ ತುಂಬ ಮೊಬೈಲ್ ಫೋನುಗಳು.

"ಇದೆಂತಕ್ಕೆ?"

"ಯಾರೂ ಯಾರ ಫೋಟೊನೂ ತೆಗೀಬಾರದು ಅಂತ. ಈ ದೇಶದ ಕಾನೂನು ಅವರ ಕಡೆ ಇಲ್ಲ. ಒಂದು ಫೋಟೊ ಹೊರಗೆ ಹೋದ್ರೆ ಕೆಲಸ ಹೋಗಬಹುದು, ಬಾಡಿಗೆ ಮನೆ ಹೋಗಬಹುದು. ಹೊರಗೆ ಬಾಗಿಲು ತೆರೆಯೋರೇ ಕಡಿಮೆ ಅಕ್ಕ. ಮನೆಯವರೂ ಬಾಗಿಲು ಹಾಕಿಬಿಟ್ರೆ ಎಲ್ಲಿಗೆ ಹೋಗ್ತಾರೆ?"

ಒಳಗೆ ಮರದಿಂದ ಮರಕ್ಕೆ ಕಟ್ಟಿದ ಚಿಕ್ಕ ದೀಪಗಳು. ಯಾರೋ ಗಿಟಾರ್ ಹಿಡಿದು ಹಾಡುತ್ತಿದ್ದರು. ಒಂದು ಮೇಜಿನಲ್ಲಿ ಕೂದಲು ನರೆತ ಇಬ್ಬರು ಗಂಡಸರು. ಒಬ್ಬರು ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಇನ್ನೊಬ್ಬರ ತಟ್ಟೆಗೆ ಹಾಕುತ್ತಿದ್ದರು. ಪ್ಯಾಸ್ಕಲ್ ಕಣ್ಣು ಮಂಜಾದ ಮೇಲೆ ತಾನೂ ಹೀಗೇ ಬಿಡಿಸಿ ಹಾಕುತ್ತಿದ್ದದ್ದು ಜೋಸೆಫಿನ್ ಬಾಯಿಗೆ ನೆನಪಾಯಿತು. ಅವರು ಬೇರೆ ಕಡೆ ನೋಡಿದರು. ಮತ್ತೆ ಅಲ್ಲಿಗೇ ನೋಡಿದರು.

ದೊಡ್ಡ ಮೇಜಿನ ತುದಿಯಲ್ಲಿ ಒಂದು ತಟ್ಟೆ ಬೋರಲು ಹಾಕಿತ್ತು. ಮುತೋನಿ ಓಡಿಬಂದು ಅದನ್ನು ನೆಟ್ಟಗೆ ಮಾಡಿ, ಕುರ್ಚಿ ಎಳೆದಳು.

"ಕರಿಬು ಮಾಮಾ, ಬನ್ನಿ ಅಮ್ಮಾ" ಎಂದು ಸ್ವಾಹಿಲಿಯಲ್ಲಿ ಕರೆದಳು. "ಇದು ಬಾರದೆ ಇದ್ದವರ ತಟ್ಟೆ. ಪ್ರತಿ ಸಲ ಒಂದು ಎತ್ತಿಡುತ್ತೇವೆ. ನಿಮ್ಮ ಮನೆಯಿಂದ ಕಲಿತದ್ದು."

ಪಾಲು ಸಿಗದೆ ಹೋದವಳು ಪಾಲು ಎತ್ತಿಡುವುದನ್ನು ಕಲಿತಿದ್ದಳು. ಜೋಸೆಫಿನ್ ಬಾಯಿ ಆ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಜೊಯ್ಲಿನ್ ಇಡ್ಲಿಯಂಥ ಬಿಸಿ ಸನ್ನಗಳ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಂದವಳು ಅಲ್ಲೇ ನಿಂತುಬಿಟ್ಟಳು.

"ಮಮ್ಮಿ? ವಾಟ್ ಆರ್ ಯು ಡೂಯಿಂಗ್ ಹಿಯರ್?"

"ಹಸಿವಾಗಿದೆ. ಬಡಿಸು" ಎಂದರು ತಾಯಿ. ಸನ್ನ ಮುರಿದು ಬಾಯಿಗಿಟ್ಟು, "ಉಪ್ಪು ಕಡಿಮೆ" ಅಂದರು. ಜೊಯ್ಲಿನ್ ಅಳುತ್ತಲೇ ನಕ್ಕಳು.

ಹೊರಡುವಾಗ ಜೋಸೆಫಿನ್ ಬಾಯಿ ಮುತೋನಿಯನ್ನು ಪಕ್ಕಕ್ಕೆ ಕರೆದು, ತಮಗೆ ಬರುವ ಸ್ವಾಹಿಲಿಯಲ್ಲಿ ಕೇಳಿದರು: "ತೆನೆ ಸಿಗಬಹುದಾ, ಮಗಾ?"

ಹಬ್ಬದ ಹಿಂದಿನ ದಿನ ಮ್ವೇಯಾ ಕಡೆಯ ಮಟಾಟು ವ್ಯಾನಿನಲ್ಲಿ ತೆನೆ ಬಂತು. ಮುತೋನಿಯ ತಾಯಿ ಅದನ್ನು ಬಾಳೆ ಎಲೆಯಲ್ಲಿ ಸುತ್ತಿ ಕಳಿಸಿದ್ದರು.

ಹಬ್ಬದ ಮಧ್ಯಾಹ್ನ ಎಲ್ಲರೂ ಸಾಲಾಗಿ ನಿಂತರು. ಪ್ರಾರ್ಥನೆ ಮುಗಿಯಿತು. ಜೊಯ್ಲಿನ್ ಕೈಗೆ ಪಾಲು ಬಿತ್ತು. ಚಮಚ ಮುತೋನಿಯ ಹತ್ತಿರ ಬಂದಾಗ ವಿವಿಯನ್ ಗಂಟಲು ಸರಿಮಾಡಿಕೊಂಡರು.

"ಅತ್ತಿಗೆ, ಅವಳ ಕೈಗೆ ಹಾಕಿದರೆ ನಾನು ಇಲ್ಲಿ ಉಣ್ಣುವುದಿಲ್ಲ. ಭಾನುವಾರ ಇಗರ್ಜಿಯಲ್ಲಿ ಜನ ಎಂತ ಹೇಳಿಯಾರು?"

ಚಮಚ ನಿಂತಿತು. ಮುತೋನಿಯ ಬೆರಳುಗಳು ಮೆಲ್ಲಗೆ ಮಡಚಿಕೊಳ್ಳತೊಡಗಿದವು. ಜೊಯ್ಲಿನ್ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಜೋಸೆಫಿನ್ ಬಾಯಿ ಎಡಗೈಯಿಂದ ಆ ಬೆರಳುಗಳನ್ನು ಬಿಡಿಸಿ, ಅಂಗೈ ತುಂಬ ಹಾಕಿದರು. "ತೆನೆ ಬೇಕು, ತಂದವಳು ಬೇಡ ಅಂದರೆ ಹೇಗೆ ವಿವಿಯನ್? ಇವಳು ಮನೆಯವಳು. ಬಾ, ಕೂತುಕೋ, ಬೆಂಡೆಕಾಯಿ ಪಲ್ಯ ತಣ್ಣಗಾಗ್ತದೆ."

ವಿವಿಯನ್ ಕೂರಲಿಲ್ಲ. ಕಾರಿನ ಸದ್ದು ಗೇಟು ದಾಟಿದ ಮೇಲೆ ಜೋಸೆಫಿನ್ ಬಾಯಿ ಒಂದು ಡಬ್ಬಿ ತೆಗೆದು, ಒಂದು ಚಮಚ ಪಾಲು ಅದರಲ್ಲಿ ಎತ್ತಿಟ್ಟರು.

"ಅವರಿಗೂ ಯಾಕೆ?" ಜೊಯ್ಲಿನ್ ಸಿಡುಕಿದಳು.

"ಮೈದುನ ಅಲ್ವಾ. ಸಂಜೆ ನಾನೇ ಕೊಟ್ಟು ಬರ್ತೇನೆ."

ಓದುವವರೇ, ಕೇಳುವವರೇ, ನಮ್ಮ ಮಕ್ಕಳಲ್ಲಿಯೂ ಇಂಥವರು ಇದ್ದಾರೆ. ಅವರನ್ನು ಬದಲಾಯಿಸಲು ಹೋಗಬೇಡಿ, ಬಲವಂತದ ಮದುವೆ ಮಾಡಬೇಡಿ. ಅವರು ಒಪ್ಪದೆ ಅವರ ವಿಷಯವನ್ನು ನಾಲ್ಕು ಜನರ ಬಾಯಿಗೆ, ಫೋನಿಗೆ ಹಾಕಬೇಡಿ. ಅವರ ಜೊತೆಯವರನ್ನೂ ಹೆಸರು ಹಿಡಿದು ಊಟಕ್ಕೆ ಕರೆಯಿರಿ. ಅವರು ಕರೆದ ಊಟಕ್ಕೆ ನೀವೂ ಹೋಗಿ.

ಜೋಸೆಫಿನ್ ಬಾಯಿಯ ಮನೆಯಿಂದ ಹೋದ ವರ್ಷ ಎದ್ದುಹೋದವಳು ಮಗಳು, ಅದು ಭಾನುವಾರ. ಈ ವರ್ಷ ಎದ್ದುಹೋದದ್ದು ವಿವಿಯನ್, ಸೋಮವಾರ. ನಿಮ್ಮ ಮನೆಯಿಂದ ಎದ್ದುಹೋದವರು ಯಾರು, ಯಾವ ದಿನ ಅನ್ನುವುದು ನಿಮಗೆ ಗೊತ್ತಿದೆ. ಅವರ ತಟ್ಟೆ ಹಾಕಿ, ಇವತ್ತೇ ಕರೆಯಿರಿ.